ಒಂದೇ ಬೆಳಕು, ಮೂರು ಲೈಟ್ ಮೀಟರ್: ಐದು ವರ್ಷಗಳ ಬಳಕೆಯ ಅನುಭವ

ನನ್ನ ಬಳಿ ಫೋಟೋಗೆ ಎಷ್ಟು ಬೆಳಕು ಬಿಡಬೇಕೆಂದು ಅಳೆದು ಹೇಳುವ ಮೂರು ಕೈ ಮೀಟರ್‌ಗಳಿವೆ. ದಿನಬಳಕೆಗೆ ಸಿಲಿಕಾನ್ ಸೆಲ್ (ಬೆಳಕನ್ನು ಗ್ರಹಿಸುವ ಭಾಗ) ಇರುವ ಸೆಕಾನಿಕ್ ಎಲ್-308ಎಸ್. ಉಳಿದವೆರಡೂ ಹಳೆಯವು: ಒಂದು ಕ್ಯಾಡ್ಮಿಯಂ ಸಲ್ಫೈಡ್ ಸೆಲ್‌ನದು, ಇನ್ನೊಂದು ಬ್ಯಾಟರಿಯೇ ಬೇಡದ ಸೆಲೆನಿಯಂ ಮೀಟರ್.

ಮೋಡ ಕವಿದ ಮಧ್ಯಾಹ್ನ, ಐಎಸ್‌ಒ (ಫಿಲ್ಮ್‌ನ ಬೆಳಕಿನ ಸಂವೇದನೆ) 100, ಷಟರ್ 1/125 ಸೆಕೆಂಡ್. ಲೆನ್ಸಿನ ರಂಧ್ರಕ್ಕೆ ಸೆಕಾನಿಕ್ ಎಫ್/8 ಎಂದಿತು (ಅಂಕಿ ಹೆಚ್ಚಾದಷ್ಟು ರಂಧ್ರ ಕಿರಿದು), ಕ್ಯಾಡ್ಮಿಯಂ ಎಫ್/11 ಎಂದಿತು, ಸೆಲೆನಿಯಂ ಮುಳ್ಳು 5.6 ದಾಟಿ ಮೇಲೇಳಲಿಲ್ಲ. ಬೆಳಕಿನ ತಪ್ಪನ್ನು ತಾಳದ ಸ್ಲೈಡ್ ಫಿಲ್ಮ್ ಹಾಕಿದವರಿಗೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಅಂತರ ಎಂದರೆ ರೋಲ್ ಕೈತಪ್ಪಿದಂತೆಯೇ.

ಮೊದಲು ಹೋಲಿಸುವ ಕ್ರಮವನ್ನೇ ಸರಿಪಡಿಸಿಕೊಂಡೆ. ಎಲ್-308ಎಸ್ ಪ್ರತಿಫಲಿತ ಬೆಳಕನ್ನು 40 ಡಿಗ್ರಿ ಕೋನದಲ್ಲಿ ನೋಡುತ್ತದೆ. ದೂರದಿಂದ ಹಿಡಿದರೆ ಆಕಾಶವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ 18% ಬೆಳಕನ್ನು ಪ್ರತಿಫಲಿಸುವ ಬೂದು ಕಾರ್ಡನ್ನು ಗೋಡೆಗೆ ಒರಗಿಸಿ, ಮೂರನ್ನೂ ಒಂದು ಗೇಣು ದೂರದಲ್ಲಿ, ಕೈಯ ನೆರಳು ಬೀಳದಂತೆ ಹಿಡಿದು ನೋಡಿದೆ. ಬಿಳಿ ಗುಮ್ಮಟವನ್ನು ಸೆಲ್ ಮೇಲೆ ಸರಿಸಿ, ವಸ್ತುವಿನ ಮೇಲೆ ಬೀಳುವ ಬೆಳಕನ್ನು ಅಳೆದ ಅಂಕಿಯನ್ನು ಇದರ ಜೊತೆ ಬೆರೆಸಲೇಬಾರದು. ತಯಾರಕರ ಅಳತೆಗೋಲಿನಲ್ಲೂ ವ್ಯತ್ಯಾಸವಿದೆ: ಅಳೆದ ಬೆಳಕನ್ನು ಎಫ್-ಅಂಕಿಗೆ ಬದಲಿಸಲು ಸೆಕಾನಿಕ್ ಬಳಸುವ ಸ್ಥಿರಾಂಕ 12.5, ಪೆಂಟಾಕ್ಸ್ ಮತ್ತು ಮಿನೋಲ್ಟಾ ಮೀಟರ್‌ಗಳದು 14. ಅದರಿಂದಾಗುವ ಅಂತರ ಸುಮಾರು ಆರನೇ ಒಂದು ಸ್ಟಾಪ್ ಮಾತ್ರ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಿಜವಾದ ತಪ್ಪು ಇದ್ದದ್ದು ಬ್ಯಾಟರಿಯಲ್ಲಿ. ಕ್ಯಾಡ್ಮಿಯಂ ಮೀಟರ್ 1.35 ವೋಲ್ಟ್‌ನ ಪಾದರಸದ ಬ್ಯಾಟರಿಗೆಂದು ರೂಪಿಸಿದ್ದು, ನಾನು 1.5 ವೋಲ್ಟ್‌ನ ಆಲ್ಕಲೈನ್ ತುರುಕಿದ್ದೆ. ಶ್ರವಣಸಾಧನಕ್ಕೆ ಹಾಕುವ ಜಿಂಕ್-ಏರ್ ಬ್ಯಾಟರಿ ಹಾಕಿದ ಮೇಲೆ ಸೆಕಾನಿಕ್ ಜೊತೆಗಿನ ಅಂತರ ಕಾಲು ಸ್ಟಾಪಿಗೆ ಇಳಿಯಿತು. ಗಾಳಿ ತಡೆಯುವ ಅಂಟುಪಟ್ಟಿ ಕಿತ್ತ ಮೇಲೆ ಈ ಬ್ಯಾಟರಿ ಹೆಚ್ಚು ದಿನ ಬಾಳುವುದಿಲ್ಲ, ಪದೇ ಪದೇ ಬದಲಿಸಬೇಕು. ಇನ್ನೊಂದು ಎಚ್ಚರ: ಪ್ರಖರ ಬೆಳಕು ಕಂಡ ಕ್ಯಾಡ್ಮಿಯಂ ಸೆಲ್ ಅದನ್ನು ಬೇಗ ಮರೆಯುವುದಿಲ್ಲ. ಅಂಗಳದಿಂದ ಒಳಗೆ ಬಂದಾಗ ಮುಳ್ಳು ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಅದು ನಿಲ್ಲುವವರೆಗೆ ಕಾಯಲೇಬೇಕು.

ಸೆಲೆನಿಯಂ ಮೀಟರ್‌ನ ಬೆನ್ನಿಗೆ ‘ಬೆಳಕನ್ನು ಒಂದು ಸ್ಟಾಪ್ ತಗ್ಗಿಸು’ ಎಂದು ಚೀಟಿ ಅಂಟಿಸಿದ್ದೆ. ಬಿಸಿಲಿನಲ್ಲಿ ಆ ಲೆಕ್ಕ ಸರಿಹೋಯಿತು, ಸಂಜೆಯ ಹೊತ್ತಿಗೆ ಕೈಕೊಟ್ಟಿತು. ಸೆಲ್ ಸವೆದಿದೆ, ಅದೂ ಎಲ್ಲ ಬೆಳಕಿನಲ್ಲಿ ಒಂದೇ ಸಮನಾಗಿ ಅಲ್ಲ. ಚೀಟಿ ಕಿತ್ತುಹಾಕಿದೆ. ಈಗ ಅದನ್ನು ಹಗಲಿನಲ್ಲಿ, ಕಪ್ಪು-ಬಿಳುಪು ನೆಗೆಟಿವ್‌ಗೆ ಮಾತ್ರ ಒಯ್ಯುತ್ತೇನೆ. ಒಂದು ಸ್ಟಾಪ್ ಹೆಚ್ಚು ಬೆಳಕು ಬಿದ್ದರೂ ಆ ಫಿಲ್ಮ್ ತಾಳಿಕೊಳ್ಳುತ್ತದೆ.