ಫ್ಯೂಯಲ್ ಸೆಲ್ ಪ್ಲೇಟಿಗೆ ಯಾವ ಚಾನೆಲ್: ಹಾವಿನ ದಾರಿಯೋ, ಸಾಲು ಕಾಲುವೆಯೋ?

ಹುಬ್ಬಳ್ಳಿಯಲ್ಲಿ ಕೂತು ಪ್ರಾಜೆಕ್ಟಿಗೆ ಹೈಡ್ರೋಜನ್ ಫ್ಯೂಯಲ್ ಸೆಲ್ (ಹೈಡ್ರೋಜನ್ ಮತ್ತು ಗಾಳಿಯ ಆಮ್ಲಜನಕದಿಂದ ಕರೆಂಟ್ ಕೊಡುವ ಸೆಲ್) ಮಾಡ್ತೀರಾ? ಗ್ರಾಫೈಟ್ ಪ್ಲೇಟನ್ನು ಗೋಕುಲ ರಸ್ತೆಯ ವರ್ಕ್‌ಶಾಪಿಗೆ ಕೊಡುವ ಮೊದಲು ಚಾನೆಲ್, ಅಂದರೆ ಪ್ಲೇಟಿನ ಮೇಲೆ ಗ್ಯಾಸ್ ಹರಿಯುವ ಕಾಲುವೆಯ ವಿನ್ಯಾಸ ಆರಿಸಿಕೊಳ್ಳಿ. ಕೊರೆದ ಮೇಲೆ ಬದಲಿಸಲು ಆಗಲ್ಲ.

ಪ್ಯಾರಲಲ್ (ಸಾಲು ಕಾಲುವೆ) ವಿನ್ಯಾಸ ಬ್ಯಾಡಗಿ ಮೆಣಸಿನಕಾಯಿ ಹೊಲದ ಡ್ರಿಪ್ ಇದ್ದಂತೆ. ಮುಖ್ಯ ಪೈಪು ಸಣ್ಣದಾದರೆ ಎಲ್ಲ ಸಾಲಿಗೂ ಒಂದೇ ಸಮ ನೀರು ಹೋಗಲ್ಲ, ಅಲ್ವಾ? ಇಲ್ಲೂ ಹಾಗೇ. ಹೆಡರ್ (ಎಲ್ಲ ಚಾನೆಲಿಗೂ ಗ್ಯಾಸ್ ಹಂಚುವ ಮುಖ್ಯ ದಾರಿ) ಅಗಲವಾಗಿ, ಚಾನೆಲ್ ಕಿರಿದಾಗಿ ಇದ್ದರೆ ಗ್ಯಾಸ್ ಹೆಚ್ಚು ಸಮವಾಗಿ ಹಂಚಿಕೆಯಾಗುತ್ತದೆ. ಒತ್ತಡ ಕಡಿಮೆ ಸಾಕು, ಸಣ್ಣ ಬ್ಲೋವರ್ ನಡೆಯುತ್ತದೆ. ಆದರೆ ಸೆಲ್ ಒಳಗೆ ನೀರು ಹುಟ್ಟುತ್ತದೆ. ಒಂದು ಹನಿ ಚಾನೆಲಿಗೆ ಅಡ್ಡ ಕೂತರೆ ಗ್ಯಾಸ್ ಸುಮ್ನೆ ಪಕ್ಕದ ದಾರಿ ಹಿಡಿಯುತ್ತದೆ. ಆ ಭಾಗ ಉಪವಾಸ!

ಸರ್ಪೆಂಟೈನ್‌ನಲ್ಲಿ (ಹಾವಿನ ದಾರಿ) ಇರೋದೇ ಒಂದು ದಾರಿ. ಹನಿಯನ್ನು ತಳ್ಳಿಕೊಂಡೇ ಗ್ಯಾಸ್ ಹೊರಗೆ ಹೋಗಬೇಕು. ಒತ್ತಡ ಜಾಸ್ತಿ ಬೇಕು, ಕೊನೆಯ ತಿರುವಿಗೆ ಬರುವಷ್ಟರಲ್ಲಿ ಆಮ್ಲಜನಕವೂ ಕಡಿಮೆಯಾಗಿರುತ್ತದೆ.

ಇಂಟರ್‌ಡಿಜಿಟೇಟೆಡ್ ಅಂತ ಮೂರನೆಯದೂ ಇದೆ. ಚಾನೆಲ್ ತುದಿ ಮುಚ್ಚಿ, ಗ್ಯಾಸನ್ನು ಪ್ಲೇಟಿಗೆ ತಾಗಿರುವ ಸಣ್ಣ ರಂಧ್ರಗಳ ಕಾರ್ಬನ್ ಪದರದ ಮೂಲಕವೇ ನುಗ್ಗಿಸುತ್ತಾರೆ. ಮೊದಲ ಸಲಕ್ಕೆ ಬೇಡ.

25 ಚದರ ಸೆಂಟಿಮೀಟರ್ ಸೆಲ್ಲಿಗೆ ನನ್ನ ಮತ ಸರ್ಪೆಂಟೈನ್‌ಗೆ. ದೊಡ್ಡದಾದರೆ ಮೂರ್ನಾಲ್ಕು ಸರ್ಪೆಂಟೈನ್ ಒಟ್ಟಿಗೆ ಓಡಿಸಿ.