ಮಡಚುವ ಸೈಕಲ್: ಹ್ಯಾಂಡಲ್ ಕೆಳಗೋ, ಮೇಲೋ, ಮುಂದಕ್ಕೋ?

ನನ್ನದು 20 ಇಂಚಿನ ಗಾಲಿಯ ಮಡಚುವ ಸೈಕಲ್. ಹ್ಯಾಂಡಲ್ ಪೋಸ್ಟನ್ನು, ಅಂದರೆ ಹ್ಯಾಂಡಲ್ ಹೊತ್ತ ಉದ್ದ ಕೊಳವೆಯನ್ನು, ಎತ್ತಬಹುದು, ಇಳಿಸಬಹುದು. ಅರ್ಧ ದಾರಿ ಸೈಕಲ್, ಅರ್ಧ ದಾರಿ ಮೆಟ್ರೊ. ಒಂದು ತಿಂಗಳಿಂದ ಅಂಗೈ ಜೋಮು ಹಿಡಿಯುತ್ತಿತ್ತು. ಹಾಗಾಗಿ ಮೂರು ಥರ ಇಟ್ಟು, ಒಂದೊಂದನ್ನೂ ಎರಡು ವಾರ ಓಡಿಸಿದೆ.

ಮೊದಲು ಸೀಟು ಸರಿ ಮಾಡಿಕೊಂಡೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟೇ ಎತ್ತರ. ಮೂರೂ ಥರ ಓಡಿಸಿ ಮುಗಿಯುವವರೆಗೆ ಅದನ್ನು ಮುಟ್ಟಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ, ಅಲ್ವಾ?

ಹ್ಯಾಂಡಲ್ ಪೂರ್ತಿ ಕೆಳಗೆ: ನೋಡಲು ಚೆಂದ, ಎದುರುಗಾಳಿಗೂ ಒಳ್ಳೆಯದು. ಮೂರನೇ ದಿನಕ್ಕೇ ಕಿರುಬೆರಳು, ಉಂಗುರದ ಬೆರಳು ಮರಗಟ್ಟಿದವು. ಮೈಭಾರವೆಲ್ಲ ಕೈಗೆ. ಚಿಕ್ಕ ಗಾಲಿಗೆ ಹಂಪು ಜೋರಾಗಿ ಬಡಿಯುತ್ತದೆ, ಆ ಪೆಟ್ಟೂ ಕೈಗೇ. ಬೇಡವೇ ಬೇಡ.

ಪೂರ್ತಿ ಮೇಲೆ: ಕೈಗೆ ಸುಖ, ಬೆನ್ನು ನೆಟ್ಟಗೆ. ಆದರೆ ಭಾರ ಹಿಂದಕ್ಕೆ ಹೋಗಿ ಮುಂದಿನ ಗಾಲಿ ಹಗುರವಾಯಿತು. ಒಂದು ಕೈ ಬಿಟ್ಟು ಸಿಗ್ನಲ್ ತೋರಿಸಿದರೆ ಹ್ಯಾಂಡಲ್ ತಟ್ಟನೆ ಆಡುತ್ತದೆ. ಏರಿನಲ್ಲಿ ಎದ್ದು ತುಳಿದರೆ ಪೋಸ್ಟ್ ಬಾಗಿದ ಹಾಗಾಗುತ್ತದೆ. ಎಷ್ಟು ಎತ್ತಬಹುದು ಅಂತ ಪೋಸ್ಟಿನಲ್ಲಿ ಗುರುತು ಮಾಡಿದ ಗೆರೆ ದಾಟಿ ಎಳೆಯಲೇಬಾರದು. ಇನ್ನೊಂದು, ಎತ್ತಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ನನ್ನ ಬ್ರೇಕ್ ವೈರ್ ಬಿಗಿಯಾಗಿ, ಎಡಕ್ಕೆ ತಿರುಗಿಸಿದಾಗ ಬ್ರೇಕ್ ತಾನೇ ಹಿಡಿಯುತ್ತಿತ್ತು!

ಮೂರನೆಯದು, ಎತ್ತರ ನಡುವಲ್ಲಿಟ್ಟು, ಪೋಸ್ಟಿಗೆ ಒಂದು ಕ್ಲಾಂಪ್ ಹಾಕಿ ಹ್ಯಾಂಡಲನ್ನು 5 ಸೆಂ.ಮೀ. ಮುಂದಕ್ಕೆ ತಂದೆ. ಇಷ್ಟು ದಿನ ಎತ್ತರದ ಹಿಂದೆ ಬಿದ್ದಿದ್ದೆ, ನನಗೆ ಬೇಕಾಗಿದ್ದದ್ದು ಸೀಟಿಂದ ಹ್ಯಾಂಡಲ್‌ವರೆಗಿನ ಉದ್ದ. ಇಂಥ ಸೈಕಲ್ ಹೆಚ್ಚಾಗಿ ಒಂದೇ ಸೈಜ್, ನಾನೋ ಉದ್ದ ಕೈಯವನು. ಭುಜ ಬಿಚ್ಚಿಕೊಂಡಿತು, ಓಡಿಸಲು ಇದೇ ಎಲ್ಲಕ್ಕಿಂತ ಸ್ಥಿರ. ಆದರೆ ಮಡಚಿದರೆ ಬ್ರೇಕ್ ಲಿವರ್ ಗಾಲಿಗೆ ತಾಗುತ್ತದೆ. ಪ್ರತಿ ಸಲ ಅಲೆನ್ ಕೀ ಹಿಡಿದು ಹ್ಯಾಂಡಲ್ ತಿರುಗಿಸಬೇಕು. ಬೆಳಗಿನ ಮೆಟ್ರೊ ರಶ್ಶಿನಲ್ಲಿ ಯಾರಿಗೆ ಪುರುಸೊತ್ತು?

ಕೊನೆಗೆ ಕ್ಲಾಂಪ್ ಬಿಚ್ಚಿಟ್ಟೆ. ಹ್ಯಾಂಡಲ್ ಸೀಟಿಗಿಂತ ಎರಡು ಬೆರಳು ಮೇಲೆ, ಸೀಟು ಒಂದು ಸೆಂ.ಮೀ. ಹಿಂದಕ್ಕೆ. ಸೀಟು ಹಿಂದೆ ಹೋದರೆ ಪೆಡಲ್ ದೂರವಾಗುತ್ತದೆ, ಹಾಗಾಗಿ ಸೀಟನ್ನು ಒಂದು ಚೂರು ಇಳಿಸಿದೆ. ಮುಂದಕ್ಕೆ ತಂದಾಗಿನ ಸುಖ ಪೂರ್ತಿ ಸಿಕ್ಕಿಲ್ಲ, ಆದರೆ ಜೋಮು ಹೋಯಿತು. ಮಡಚುವಾಗ ಪೋಸ್ಟ್ ಇಳಿಸಲೇಬೇಕು, ಅದಕ್ಕೇ ಸರಿಯಾದ ಎತ್ತರಕ್ಕೆ ಕರೆಂಟ್ ಟೇಪ್ ಸುತ್ತಿದ್ದೇನೆ.