ಕಾಲಿಗೆ ನೆಲ ಸಿಕ್ತು, ಆದ್ರೆ ಹ್ಯಾಂಡಲ್ ಕೈ ಕೊಡ್ತು: ಎಕ್ಸ್‌ಪಲ್ಸ್‌ಗೆ ಲೋವರಿಂಗ್ ಲಿಂಕ್

ನನ್ನ ಹೈಟು ಐದಡಿ ಮೂರಿಂಚು, ನನ್ನ ಬೈಕು ಹೀರೋ ಎಕ್ಸ್‌ಪಲ್ಸ್ 200 4ವಿ ಸೀಟ್ ಹೈಟು 825 ಎಂಎಂ, ಲೆಕ್ಕ ನೀವೇ ಹಾಕ್ಕೊಳ್ಳಿ. ಸಿಗ್ನಲಲ್ಲಿ ಬೆರಳ ತುದೀಲಿ ನಿಂತ್ಕೊಂಡೇ ಒಂದು ವರ್ಷ ಓಡಿಸ್ದೆ. ಆಮೇಲೆ ಒಂದಿನ ಮುಳ್ಳಯ್ಯನಗಿರಿ ರೋಡಲ್ಲಿ, ಏರು ತಿರುವಲ್ಲಿ ಎದುರಿಗೆ ಜೀಪ್ ಬಂತು ಅಂತ ನಿಲ್ಲಿಸಿ ಕಾಲು ಕೆಳಗಿಟ್ರೆ ಇಳಿಜಾರಿನ ಕಡೆ ನೆಲಾನೇ ಸಿಗ್ಲಿಲ್ಲ, ಗಾಡಿ ಸಮೇತ ಮಲಗ್ದೆ. ಮನೆಗೆ ಬಂದವನೇ ಗಾಡಿಯ ಹಿಂಭಾಗಾನ 30 ಎಂಎಂ ಇಳಿಸುತ್ತೆ ಅನ್ನೋ ಲೋವರಿಂಗ್ ಲಿಂಕ್ ಆನ್‌ಲೈನಲ್ಲಿ ತರಿಸ್ದೆ.

ನೋಡೋಕೆ ಎರಡು ಲೋಹದ ಪಟ್ಟಿ ಅಷ್ಟೇ, ಹಿಂದಿನ ಮೋನೋಶಾಕ್ (ಒಂಟಿ ಶಾಕ್ ಅಬ್ಸಾರ್ಬರ್) ಲಿಂಕೇಜಲ್ಲಿ, ಅಂದ್ರೆ ಅದನ್ನ ಹಿಂದಿನ ಚಕ್ರದ ಕಡೆಗೆ ಜೋಡಿಸೋ ಭಾಗದಲ್ಲಿ, ಕಂಪನಿದು ತೆಗ್ದು ಇದನ್ನ ಹಾಕೋದು. ಕೆಲಸ ನೀಟಾಗಿದೆ, ತೂತು ಎಲ್ಲಾ ಸರಿಯಾಗಿ ಕೂತ್ವು. ಮೊದಲ್ನೇ ದಿನ ಖುಷಿಯೋ ಖುಷಿ, ಅರ್ಧ ಪಾದ ಆರಾಮಾಗಿ ಊರುತ್ತೆ.

ಎರಡನೇ ದಿನದಿಂದ ಶುರುವಾಯ್ತು ನೋಡಿ. ಹಿಂದೆ ಮಾತ್ರ ತಗ್ಗಿ ಮುಂದೆ ಹಾಗೇ ಇದ್ರೆ ಫೋರ್ಕ್ (ಮುಂದಿನ ಚಕ್ರ ಹಿಡಿದಿರೋ ಜೋಡಿ ಪೈಪ್) ಇನ್ನಷ್ಟು ಹಿಂದಕ್ಕೆ ವಾಲುತ್ತೆ, ಟ್ರೇಲ್ (ಹ್ಯಾಂಡಲ್ ತಿರುಗೋ ಗೆರೆ ನೆಲ ಮುಟ್ಟೋ ಜಾಗಕ್ಕೂ ಚಕ್ರ ನೆಲ ಮುಟ್ಟೋ ಜಾಗಕ್ಕೂ ಇರೋ ಅಂತರ) ಜಾಸ್ತಿ ಆಗುತ್ತೆ, ನೇರ ರೋಡಲ್ಲಿ ಅಲುಗಾಡಲ್ಲ ಆದ್ರೆ ತಿರುವಲ್ಲಿ ಅಪ್ಪಟ ಎತ್ತಿನಗಾಡಿ, ಹ್ಯಾಂಡಲ್ ತಳ್ಳಿ ತಳ್ಳಿ ಬಗ್ಗಿಸ್ಬೇಕು, ಮುಂದಿನ ಚಕ್ರ ನೆಲ ಹಿಡಿದಿದ್ಯೋ ಇಲ್ವೋ ಅನ್ನೋ ಅನುಮಾನ ಬೇರೆ. ಹೆಡ್‌ಲೈಟ್ ರೋಡ್ ಬಿಟ್ಟು ತೆಂಗಿನಕಾಯಿ ಎಣಿಸ್ತಿತ್ತು. ಸೈಡ್ ಸ್ಟ್ಯಾಂಡ್ ಉದ್ದ ಆಗಿ ಗಾಡಿ ನೆಟ್ಟಗೆ ನಿಲ್ತಿತ್ತು, ಯಾರಾದ್ರೂ ಸ್ವಲ್ಪ ತಾಗಿದ್ರೆ ಬಲಕ್ಕೆ ಉರುಳೋ ಹಾಗೆ, ಅದನ್ನ ವೆಲ್ಡಿಂಗ್ ಶಾಪಲ್ಲಿ ಕಟ್ ಮಾಡ್ಸಿದ್ದಾಯ್ತು. ಡಬಲ್ಸ್ ಹೋದ್ರೆ ಹಂಪಲ್ಲಿ ಬ್ಯಾಶ್ ಪ್ಲೇಟ್ (ಇಂಜಿನ್ ಕೆಳಗಿನ ರಕ್ಷಣೆ ತಗಡು) ಉಜ್ಜುತ್ತೆ. ನೆಲದಿಂದ 220 ಎಂಎಂ ಕ್ಲಿಯರೆನ್ಸ್ ನೋಡಿ ತಾನೆ ಈ ಗಾಡಿ ತಗೊಂಡಿದ್ದು!

ಗೊತ್ತಿರೋ ಮೆಕ್ಯಾನಿಕ್ ಒಬ್ರು ಫೋರ್ಕ್ ಪೈಪ್‌ನ ಕ್ಲಾಂಪಲ್ಲಿ 15 ಎಂಎಂ ಮೇಲಕ್ಕೆ ಸರಿಸಿ ಮುಂದೂ ತಗ್ಗಿಸಿ ಕೊಟ್ರು, ಸ್ಟೀರಿಂಗ್ ಮುಕ್ಕಾಲು ಪಾಲು ವಾಪಸ್ ಬಂತು. ಈ ಮಾತನ್ನ ಒಂದು ಚೀಟೀಲಿ ಬರೆದು ಡಬ್ಬದೊಳಗೆ ಹಾಕಿದ್ರೆ ಮಾರಿದವರ ಗಂಟೇನು ಹೋಗ್ತಿತ್ತು?

ಆದ್ರೆ ಹಂಪಿನ ಕಾಟ ಹಾಗೇ ಇತ್ತಲ್ಲ, ಕೊನೆಗೆ ಸೀಟ್ ಹೊಲಿಯೋರ ಹತ್ರ ಹೋಗಿ ಮುಂಭಾಗದ ಎರಡೂ ಪಕ್ಕದ ಫೋಮ್ ಕೆತ್ತಿಸ್ದೆ. ಎತ್ತರ ಇಳಿದಿದ್ದು ಬೆರಳಷ್ಟು, ಆದ್ರೂ ತೊಡೆ ಅಗಲಕ್ಕೆ ಹೋಗದೆ ಕಾಲು ನೇರ ಕೆಳಗಿಳಿಯುತ್ತೆ, ಸಸ್ಪೆನ್ಶನ್ ಮುಟ್ಟೋ ಕೆಲಸಾನೇ ಇಲ್ಲ. ಇದನ್ನೇ ಮೊದಲು ಮಾಡಿಸ್ಬೇಕಿತ್ತು. ನೂರು ಕಿಲೋಮೀಟರ್ ಆದ್ಮೇಲೆ ಸ್ವಲ್ಪ ಒತ್ತುತ್ತೆ, ಪರವಾಗಿಲ್ಲ, ಟೀ ಕುಡಿಯೋಕೆ ನೆಪ ಆಯ್ತು.

ಲಿಂಕಿಗೆ ಐದಕ್ಕೆ ಎರಡು. ಅದನ್ನ ಬಿಚ್ಚಿ ಹಳೇದು ಹಾಕ್ಸಿ ಫೋರ್ಕೂ ಮೊದಲಿನ ಹಾಗೆ ಮಾಡ್ಸಿದೀನಿ, ಈಗ ಕಟ್ ಮಾಡ್ಸಿದ ಸ್ಟ್ಯಾಂಡ್ ಗಿಡ್ಡ ಆಗಿದೆ, ವೆಲ್ಡಿಂಗ್ ಮಾಡಿಸೋ ತನಕ ಬ್ಯಾಗಲ್ಲಿ ಒಂದು ಮರದ ತುಂಡು ಇಟ್ಕೊಂಡು ಓಡಾಡ್ತಿದೀನಿ.